ನಡುದಾರಿಯಲ್ಲಿ ಕೈಕೊಡುವ ಟ್ರೈಪಾಡ್: ಗಿರಿ, ಗುಡಿ, ತೋಟದ ಹಾದಿಯಲ್ಲಿ ಕ್ಯಾಮೆರಾ ಹೊರುವವರಿಗೊಂದು ದೋಷ ನಿವಾರಣೆ ಕೈಪಿಡಿ

ಮುಳ್ಳಯ್ಯನಗಿರಿಯ ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲಿದ್ದ ಟ್ರೈಪಾಡ್ ಇದ್ದಕ್ಕಿದ್ದಂತೆ ಹಗುರಾಯಿತು. ಯಾಕೆ ಹಗುರಾಯಿತು ಅಂತ ಹೊಳೆಯುವ ಮೊದಲೇ ಹಿಂದೆ ಕಲ್ಲಿಗೆ ಲೋಹ ಬಡಿದ ಸದ್ದು ಕೇಳಿತು. ಕ್ಯಾಮೆರಾ ಎರಡು ಮೆಟ್ಟಿಲು ಉರುಳಿ ಹುಲ್ಲಿನಲ್ಲಿ ನಿಂತಿತ್ತು. ಲೆನ್ಸಿನ ಮುಂದಿನ ಹುಡ್ ಚೂರಾಗಿ ಗಾಜನ್ನು ಉಳಿಸಿತ್ತು, ಆದರೆ ಲೆನ್ಸ್ ಕೂರುವ ಉಂಗುರ ಒಂದು ಬದಿಗೆ ಬಾಗಿತ್ತು.

ಆಮೇಲೆ ಕೂತು ಯೋಚಿಸಿದಾಗ ನೆನಪಾಯಿತು. ಬೀಳುವುದಕ್ಕೆ ಹತ್ತು ನಿಮಿಷ ಮುಂಚೆ ನಾನು ಜೂಮ್ ತಿರುಗಿಸಿದಾಗ ಜೂಮ್ ಜೊತೆಗೆ ಇಡೀ ಕ್ಯಾಮೆರಾವೂ ಕೂದಲೆಳೆಯಷ್ಟು ತಿರುಗಿತ್ತು. ಮಂಜು ಸರಿದು ಬಿಸಿಲು ಬರುತ್ತಿತ್ತು, ಆ ಆತುರದಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಚಿಕ್ಕಮಗಳೂರು, ಹಾಸನದ ಸುತ್ತ ಜೊತೆಗೆ ಬರುವವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ: ಫೋಟೋ ತೆಗೆಯುತ್ತ ನಿಂತಾಗ ಕ್ಯಾಮೆರಾ ಬೀಳುವುದು ಅಪರೂಪ. ಒಂದು ಜಾಗ ಮುಗಿಸಿ ಇನ್ನೊಂದಕ್ಕೆ ನಡೆಯುವಾಗ ಅದು ಬೀಳುತ್ತದೆ, ಬೀಳುವ ಮುಂಚೆ ಯಾವುದಾದರೂ ಒಂದು ಸೂಚನೆ ಕೊಟ್ಟೇ ಇರುತ್ತದೆ. ಅಂಥ ಸೂಚನೆಗಳನ್ನೇ ಇಲ್ಲಿ ಒಂದೊಂದಾಗಿ ಹಿಡಿದು ಬರೆದಿದ್ದೇನೆ. ಪ್ರತಿಯೊಂದರಲ್ಲೂ ಕೈಯಲ್ಲೇ ಆಗುವ, ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ರಿಪೇರಿ ಅಂಗಡಿಯ ಮಾತು ಕೊನೆಗೆ.

ಕ್ಯಾಮೆರಾ ಟ್ರೈಪಾಡಿನ ಮೇಲೆ ಸ್ವಲ್ಪ ತಿರುಗುತ್ತಿದೆ, ಅಲುಗುತ್ತಿದೆ

ಎಲ್ಲಕ್ಕಿಂತ ಅಪಾಯದ ಸೂಚನೆ ಇದು. ಇದನ್ನು ಕಂಡ ಮೇಲೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಕ್ಯಾಮೆರಾದ ತಳದಲ್ಲಿರುವುದು ಕಾಲು ಇಂಚಿನ ಸ್ಕ್ರೂ ಕೂರುವ ತೂತು. ಯಾವ ಕಂಪನಿಯ ಕ್ಯಾಮೆರಾ ಆದರೂ ಸಾಮಾನ್ಯವಾಗಿ ಇದೇ ಅಳತೆ, ಒಂದು ಇಂಚಿಗೆ 20 ಸುತ್ತು. ಸ್ಕ್ರೂ ಒಳಗೆ ಹೋಗುವುದು ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್, ಅಂದರೆ ಸುಮಾರು ನಾಲ್ಕು ಸುತ್ತು. ದೊಡ್ಡ ಜೂಮ್ ಲೆನ್ಸ್ ಸೇರಿದರೆ ಎರಡೂವರೆ ಕಿಲೋ ತೂಗುವ ಸಾಮಾನು ಆ ನಾಲ್ಕು ಸುತ್ತನ್ನು ನಂಬಿಕೊಂಡು ನಿಮ್ಮ ಹೆಗಲ ಮೇಲೆ ಕೂತಿರುತ್ತದೆ. ಅರ್ಧ ಸುತ್ತು ಸಡಿಲವಾದರೂ ಕೈಗೆ ತಿಳಿಯುತ್ತದೆ. ಹೆಗಲಿಗೆ ಮಾತ್ರ ತಿಳಿಯುವುದಿಲ್ಲ.

ಮೊದಲು ಅಲುಗಾಟ ಎಲ್ಲಿದೆ ಅಂತ ಹುಡುಕಬೇಕು. ಎಡಗೈಯಲ್ಲಿ ಟ್ರೈಪಾಡಿನ ತಲೆಯನ್ನು, ಅಂದರೆ ಕ್ಯಾಮೆರಾ ಕೂರುವ ಮೇಲ್ಭಾಗವನ್ನು ಹಿಡಿಯಿರಿ, ಬಲಗೈಯಲ್ಲಿ ಕ್ಯಾಮೆರಾವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ. ಕ್ಯಾಮೆರಾದ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿದ ಪ್ಲೇಟಿನ ಮೇಲೆ ಕಣ್ಣಿರಲಿ.

ಪ್ಲೇಟ್ ನಿಂತಲ್ಲೇ ನಿಂತು ಕ್ಯಾಮೆರಾ ಮಾತ್ರ ಅದರ ಮೇಲೆ ತಿರುಗಿದರೆ ಪ್ಲೇಟಿನ ಸ್ಕ್ರೂ ಸಡಿಲವಾಗಿದೆ. ಕ್ಯಾಮೆರಾ ಬಿಚ್ಚಿ, ಸ್ಕ್ರೂವನ್ನು ನಾಣ್ಯದಿಂದಲೋ ಅಲೆನ್ ಕೀಯಿಂದಲೋ ಬಿಗಿ ಮಾಡಿ. ಕೈಬೆರಳ ಬಿಗಿ ಸಾಲದು, ಹಾಗಂತ ಕಟ್ಟಿಂಗ್ ಪ್ಲೇಯರ್ ಹಾಕಿ ಒತ್ತುವುದೂ ಬೇಡ. ಪ್ಲೇಟಿನ ಮೇಲೆ ರಬ್ಬರ್ ಹಾಸು ಇದ್ದರೆ ಅದು ಒತ್ತಿಕೊಂಡು ತೆಳುವಾದ ಹಾಗೆಲ್ಲ ಸ್ಕ್ರೂ ತಾನಾಗಿಯೇ ಸಡಿಲವಾಗುತ್ತದೆ. ಬೆಳಿಗ್ಗೆ ಬಿಗಿ ಮಾಡಿದ್ದನ್ನು ಮಧ್ಯಾಹ್ನ ಮತ್ತೆ ನೋಡಬೇಕಾಗುವುದು ಇದಕ್ಕೇ. ಕ್ಯಾಮೆರಾಕ್ಕೆ ಚರ್ಮದ ಕವಚ ಹಾಕಿ ಅದರ ಮೇಲೆ ಪ್ಲೇಟ್ ಕೂರಿಸಿದ್ದರೆ ಸಮಸ್ಯೆ ಇಮ್ಮಡಿ. ಕವಚ ತೆಗೆದುಬಿಡಿ.

ಪ್ಲೇಟೂ ಕ್ಯಾಮೆರಾವೂ ಒಟ್ಟಿಗೆ ಅಲುಗಿದರೆ ದೋಷ ಪ್ಲೇಟನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿನಲ್ಲಿದೆ. ಬಿಚ್ಚಿ, ದವಡೆಗಳ ನಡುವೆ ಮರಳು, ಹುಲ್ಲಿನ ಚೂರು, ಒಣಗಿದ ಕೆಸರು ಸಿಕ್ಕಿಕೊಂಡಿದೆಯೇ ನೋಡಿ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪ್ಲೇಟ್ ಒಂದು ಕಂಪನಿಯದು, ಕ್ಲ್ಯಾಂಪ್ ಇನ್ನೊಂದರದು ಆಗಿದ್ದರೆ ವಿಶೇಷ ಎಚ್ಚರ ಬೇಕು. ಆರ್ಕಾ-ಸ್ವಿಸ್ ಕಂಪನಿಯ ಮಾದರಿಯಲ್ಲಿ ಬರುವ ಪ್ಲೇಟುಗಳು ಸುಮಾರು 38 ಮಿಲಿಮೀಟರ್ ಅಗಲ ಇರುತ್ತವೆ, ಆದರೆ ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯಲ್ಲಿ ಬರುವುದಿಲ್ಲ. ತಿರುಗುಣಿ ಇರುವ ಕ್ಲ್ಯಾಂಪ್ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಸನ್ನೆ ಒತ್ತಿ ಮುಚ್ಚುವ ಕ್ಲ್ಯಾಂಪಿಗೆ ಅದು ಆಗುವುದಿಲ್ಲ. ಸನ್ನೆ ಪೂರ್ತಿ ಮುಚ್ಚಿರುತ್ತದೆ, ಪ್ಲೇಟ್ ಮಾತ್ರ ಜಾರುತ್ತಿರುತ್ತದೆ. ಪ್ಲೇಟಿನ ಎರಡು ತುದಿಯ ತಳದಲ್ಲಿ ಚಿಕ್ಕ ತಡೆ ಸ್ಕ್ರೂಗಳು ಬರುತ್ತವೆ, ಕ್ಲ್ಯಾಂಪ್ ಸಡಿಲವಾದರೂ ಪ್ಲೇಟ್ ಜಾರಿ ಹೊರಬರದಂತೆ ತಡೆಯಲಿಕ್ಕೆ. ಅಡ್ಡ ಬರುತ್ತವೆ ಅಂತ ಬಹಳ ಜನ ಅವನ್ನು ಕಿತ್ತು ಇಟ್ಟಿರುತ್ತಾರೆ. ನನ್ನ ಪ್ಲೇಟಿನಲ್ಲೂ ಅವು ಇರಲಿಲ್ಲ. ದಯವಿಟ್ಟು ವಾಪಸ್ ಹಾಕಿ.

ಕ್ಲ್ಯಾಂಪೂ ಗಟ್ಟಿ ಇದ್ದು ತಲೆಯೇ ಬುಡಸಮೇತ ತಿರುಗುತ್ತಿದ್ದರೆ, ಮೊದಲು ಅಡ್ಡಕ್ಕೆ ತಿರುಗಿಸುವ ಪ್ಯಾನ್ ಲಾಕ್ ತೆರೆದಿದೆಯೇ ನೋಡಿ. ಎಷ್ಟೋ ಸಲ ಇಷ್ಟೇ ಇರುತ್ತದೆ. ಅದು ಮುಚ್ಚಿದ್ದರೂ ತಿರುಗಿದರೆ ತಲೆಯನ್ನು ಟ್ರೈಪಾಡಿಗೆ ಕೂರಿಸುವ ದಪ್ಪ ಸ್ಕ್ರೂ ಬಿಟ್ಟುಕೊಂಡಿದೆ. ಇದು ಸಾಮಾನ್ಯವಾಗಿ ಮುಕ್ಕಾಲಿನ ಅರ್ಧ, ಅಂದರೆ ಎಂಟರಲ್ಲಿ ಮೂರು ಇಂಚಿನದು. ತಲೆಯನ್ನು ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿ ಬಿಗಿ ಮಾಡಿ. ತಲೆ ಕೂರುವ ತಟ್ಟೆಯ ಅಡಿಯಲ್ಲಿ ಎರಡು ಮೂರು ಪುಟ್ಟ ಸ್ಕ್ರೂಗಳಿದ್ದರೆ ಅವನ್ನೂ ಅಲೆನ್ ಕೀಯಿಂದ ಒತ್ತಿಸಿ. ತಲೆ ಮತ್ತೆ ಬಿಡಿಸಿಕೊಳ್ಳದಂತೆ ಹಿಡಿದುಕೊಳ್ಳುವುದೇ ಅವುಗಳ ಕೆಲಸ. ಕೆಲವರು ಸ್ಕ್ರೂ ಅಂಟು ಹಾಕುತ್ತಾರೆ. ಬಿಚ್ಚಲು ಬರುವ ಮಧ್ಯಮ ಬಿಗಿಯ ಅಂಟಾದರೆ ಇಲ್ಲಿ ಸರಿ. ಕ್ಯಾಮೆರಾದ ತಳಕ್ಕೆ ಮಾತ್ರ ಯಾವ ಅಂಟನ್ನೂ ತಾಗಿಸಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಸ್ಕ್ರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಲೇ ಇದ್ದರೆ ಕ್ಯಾಮೆರಾದ ತೂತಿನ ಎಳೆ ಸವೆದಿದೆ. ಇಲ್ಲಿಗೆ ನಿಲ್ಲಿಸಿ. ಆ ದಿನ ಟ್ರೈಪಾಡ್ ಬಳಸಬೇಡಿ, ಕಾಗದ ತುರುಕಿ ಬಿಗಿ ಮಾಡುವ ಉಪಾಯ ಬೇಡ. ಸರ್ವೀಸ್ ಸೆಂಟರಿನವರು ಅದನ್ನು ಬದಲಿಸಿಕೊಡುತ್ತಾರೆ.

ಕ್ಯಾಮೆರಾವನ್ನು ಲಂಬಕ್ಕೆ ಬಾಗಿಸಿ ಬಳಸುವವರು ಒಂದು ವಿಷಯ ನೆನಪಿಡಬೇಕು. ಬೇಲೂರಿನ ಮದನಿಕೆಯರ ಹಾಗೆ ಎತ್ತರದ ಶಿಲ್ಪಗಳಿಗೆ ಇದು ಬೇಕೇ ಬೇಕು. ಬಾಲ್ ಹೆಡ್ಡನ್ನು, ಅಂದರೆ ಗುಂಡಿನ ಮೇಲೆ ಎಲ್ಲ ಕಡೆಗೂ ಬಾಗುವ ತಲೆಯನ್ನು, ಎಡಕ್ಕೆ ಬಾಗಿಸಿದರೆ ಮುಂದೆ ಚಾಚಿದ ಭಾರದ ಲೆನ್ಸ್ ಕ್ಯಾಮೆರಾವನ್ನು ಸ್ಕ್ರೂ ಬಿಡಿಸುವ ದಿಕ್ಕಿಗೆ ಎಳೆಯುತ್ತದೆ, ಬಲಕ್ಕೆ ಬಾಗಿಸಿದರೆ ಬಿಗಿಯಾಗುವ ದಿಕ್ಕಿಗೆ. ಆದ್ದರಿಂದ ಬಲಕ್ಕೇ ಬಾಗಿಸಿ. ಲೆನ್ಸಿಗೇ ಸ್ವಂತ ಪಾದ ಇದ್ದರೆ ಅದನ್ನೇ ಟ್ರೈಪಾಡಿಗೆ ಕೂರಿಸಿ. ಎರಡು ಕಿಲೋ ತೂಗುವ ಲೆನ್ಸನ್ನು ಕ್ಯಾಮೆರಾದ ಕುತ್ತಿಗೆಗೆ ನೇತುಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಹಾಗಾದರೆ ಕ್ಯಾಮೆರಾ ಕೂರಿಸಿಕೊಂಡೇ ಟ್ರೈಪಾಡ್ ಹೊತ್ತು ನಡೆಯಬಹುದೇ? ಮುಂದಿನ ಜಾಗ ಕಣ್ಣಿಗೆ ಕಾಣುತ್ತಿರಬೇಕು, ನೆಲ ಸಮತಟ್ಟಾಗಿರಬೇಕು, ಜೊತೆಗೆ ಜನ ಓಡಾಡುತ್ತಿರಬಾರದು. ಈ ಮೂರೂ ಇದ್ದರೆ ನಡೆಯಿರಿ. ಆಗಲೂ ಕ್ಯಾಮೆರಾ ಬೆನ್ನ ಹಿಂದೆ ಹೋಗದೆ ಎದೆಯ ಮುಂದೆ, ಕಣ್ಣಿಗೆ ಕಾಣುವ ಹಾಗೆ ಇರಲಿ. ಕಾಲುಗಳನ್ನು ಮಡಚಿ ಕಂಕುಳ ಕೆಳಗೆ ಹಾಯಿಸಿ, ಒಂದು ಕೈ ಕ್ಯಾಮೆರಾದ ಮೇಲಿರಲಿ, ಸ್ಟ್ರಾಪ್ ಕುತ್ತಿಗೆಯಲ್ಲಿರಲಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಕ್ಯಾಮೆರಾ ಬಿಚ್ಚಿ ಬ್ಯಾಗಿಗೆ ಹಾಕಿ. ನಲವತ್ತು ಸೆಕೆಂಡಿನ ಕೆಲಸ.

ಲೆನ್ಸಿನ ಮೂತಿ ನಿಧಾನವಾಗಿ ಕೆಳಗೆ ಬಾಗುತ್ತಿದೆ

ಚೌಕಟ್ಟು ಕೂಡಿಸಿ ಕೈ ಬಿಟ್ಟ ಮೇಲೆ ಚಿತ್ರ ಮೆಲ್ಲಗೆ ಮೇಲಕ್ಕೆ ಸರಿದರೆ ಬಾಲ್ ಹೆಡ್ ಭಾರ ತಡೆಯುತ್ತಿಲ್ಲ ಅಂತ ಅರ್ಥ. ಮುಖ್ಯ ತಿರುಗುಣಿ ಬಿಗಿ ಮಾಡಿ. ಹಾಗೆಯೇ ಮುಂದುವರಿದರೆ ಗುಂಡನ್ನು ಒಣ ಬಟ್ಟೆಯಲ್ಲಿ ಒರೆಸಿ. ಸನ್ ಸ್ಕ್ರೀನ್ ಕ್ರೀಮು, ಸೊಳ್ಳೆ ಎಣ್ಣೆ ಹಚ್ಚಿದ ಕೈ ತಾಗಿದ್ದರೆ ಅದು ಜಾರುತ್ತದೆ. ಗುಂಡಿಗೆ ಎಣ್ಣೆ, ಗ್ರೀಸ್ ಏನೂ ಹಾಕಬಾರದು. ಒರೆಸಿದರೂ ಬಾಗಿದರೆ ತಲೆಯ ತಾಕತ್ತಿಗಿಂತ ಲೆನ್ಸ್ ದೊಡ್ಡದು, ಬೇರೆ ಕಾರಣ ಹುಡುಕಬೇಡಿ. ಈ ದೋಷ ಇರುವ ತಲೆಯ ಮೇಲೆ ಕ್ಯಾಮೆರಾ ಇಟ್ಟು ನಡೆದರೆ ಅದು ಒಮ್ಮೆಲೇ ಮಗುಚಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಬೆರಳು ನಡುವೆ ಸಿಕ್ಕಿದರೆ ಅದೂ ಜಜ್ಜುತ್ತದೆ.

ಕಾಲು ತಾನಾಗಿಯೇ ಒಳಗೆ ಜಾರುತ್ತದೆ, ಲಾಕ್ ತಿರುಗಿಸಿದರೆ ಕರಕರ ಅನ್ನುತ್ತದೆ

ಶೆಟ್ಟಿಹಳ್ಳಿಯ ಚರ್ಚಿಗೆ ಹೋಗಿ ಬಂದ ಟ್ರೈಪಾಡುಗಳಲ್ಲಿ ಈ ದೂರು ಜಾಸ್ತಿ. ಹೇಮಾವತಿಯ ಹಿನ್ನೀರು ಇಳಿದ ಮೇಲೆ ಅಲ್ಲಿ ಉಳಿಯುವ ಕೆಸರು ಹಿಟ್ಟಿನಷ್ಟು ನುಣುಪು. ಅದು ಲಾಕಿನ ಎಳೆಗಳೊಳಗೆ ಹೋಗಿ ಒಣಗಿದರೆ ಮರಳು ಕಾಗದದ ಹಾಗೆ ಉಜ್ಜುತ್ತದೆ. ಹಿರೇಕೊಳಲೆ ಕೆರೆಯ ಅಂಚಿನಲ್ಲೂ ಇದೇ ಕತೆ.

ಖರ್ಚಿಲ್ಲದ ಪರೀಕ್ಷೆ: ಕ್ಯಾಮೆರಾ ಇಲ್ಲದೆ ಕಾಲುಗಳನ್ನು ಪೂರ್ತಿ ಬಿಚ್ಚಿ ನಿಲ್ಲಿಸಿ, ತಲೆಯ ಮೇಲೆ ಎರಡೂ ಅಂಗೈ ಇಟ್ಟು ಮೆಲ್ಲಗೆ ಒತ್ತಿ. ಯಾವ ಕಾಲು ಜಾರುತ್ತದೆಯೋ ಅದರ ಯಾವ ಲಾಕ್ ಅಂತ ಕಣ್ಣಿಗೇ ಕಾಣುತ್ತದೆ. ಸನ್ನೆಯ ಲಾಕ್ ಆದರೆ ಪಕ್ಕದಲ್ಲಿರುವ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿದರೆ ಮುಗಿಯಿತು. ತಿರುಗಿಸುವ ಲಾಕ್ ಆದರೆ ಬಿಚ್ಚಿ ತೊಳೆಯಬೇಕು.

ಬಿಚ್ಚುವಾಗ ಒಂದು ಸಲಕ್ಕೆ ಒಂದೇ ಕಾಲು. ನೆಲಕ್ಕೆ ಬಿಳಿ ಪಂಚೆ ಹಾಸಿಕೊಳ್ಳಿ. ಲಾಕಿನ ಉಂಗುರ ಪೂರ್ತಿ ತಿರುಗಿಸಿ ಒಳಕೊಳವೆಯನ್ನು ಎಳೆದರೆ ಅದರ ತುದಿಯಲ್ಲಿ ಎರಡು ಅರ್ಧಚಂದ್ರದ ಪ್ಲಾಸ್ಟಿಕ್ ತುಂಡುಗಳು ಕಾಣಿಸುತ್ತವೆ. ಅವುಗಳ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಗುಬ್ಬಿ ಇದ್ದು, ಕೊಳವೆಯ ತೂತಿನಲ್ಲಿ ಕೂತಿರುತ್ತದೆ. ಅವು ಬಿದ್ದು ಕಳೆದರೆ ಕಾಲು ಕೊಳವೆಯೊಳಗೆ ಲಟಲಟ ಅನ್ನುತ್ತದೆ, ಲಾಕ್ ಮತ್ತೆ ಹಿಡಿಯುವುದಿಲ್ಲ. ಉಗುರುಬೆಚ್ಚನೆಯ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಬ್ರಷ್. ರಾತ್ರಿಯಿಡೀ ಒಣಗಲಿ. ಲೋಹದ ಎಳೆಗೆ ಮಾತ್ರ ತೆಳ್ಳಗೆ ಗ್ರೀಸ್. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಅವು ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಕಾಲು ಇನ್ನಷ್ಟು ಜಾರುತ್ತದೆ.

ನೀರಿಗೋ ಕೆಸರಿಗೋ ಇಳಿಸುವುದೇ ಆದರೆ ಮೊದಲು ಎಲ್ಲಕ್ಕಿಂತ ಕೆಳಗಿನ ತುಂಡನ್ನು ಎಳೆಯಿರಿ. ಆಗ ಲಾಕ್ ನೀರಿನಿಂದ ಮೇಲೆಯೇ ಉಳಿಯುತ್ತದೆ. ಕಾಫಿ ತೋಟದ ತರಗೆಲೆಯ ಮೇಲೆ ಇಟ್ಟಿದ್ದರೆ ಎತ್ತಿಕೊಳ್ಳುವ ಮುನ್ನ ಕಾಲುಗಳ ಮೇಲೆ ಕೈಯಾಡಿಸಬೇಡಿ, ಕಣ್ಣಾಡಿಸಿ. ಮಳೆಗಾಲದಲ್ಲಿ ಉಂಬಳಗಳು ಟ್ರೈಪಾಡ್ ಹತ್ತಿ ಕಾಯುತ್ತಿರುತ್ತವೆ.

ಕಾರ್ಬನ್ ಫೈಬರ್ ಕಾಲು ಕಲ್ಲಿಗೆ ಬಡಿದಿದ್ದರೆ ಬೇರೆಯೇ ಪರೀಕ್ಷೆ ಬೇಕು. ಉಗುರಿನಿಂದ ಕೊಳವೆಯ ಉದ್ದಕ್ಕೂ ತಟ್ಟುತ್ತ ಬನ್ನಿ. ಎಲ್ಲ ಕಡೆ ಒಂದೇ ಟಣಟಣ ಸದ್ದು ಬಂದು ಒಂದು ಕಡೆ ಮಾತ್ರ ಬೊದಬೊದ ಅಂದರೆ ಒಳಗೆ ಪದರ ಬಿಟ್ಟಿದೆ. ಬಿರುಕು ಕಂಡರೆ ಬರಿಗೈಯಲ್ಲಿ ಸವರಬೇಡಿ; ಅದರ ಎಳೆ ಮುಳ್ಳಿನ ಹಾಗೆ ಚರ್ಮಕ್ಕೆ ಇಳಿದು ಮುರಿಯುತ್ತದೆ. ಅಂಥ ಕಾಲಿನ ಮೇಲೆ ಮತ್ತೆ ಭಾರ ಹೇರುವ ಹಾಗಿಲ್ಲ, ಆ ತುಂಡು ಬದಲಿಸಲೇಬೇಕು. ಟ್ರೈಪಾಡನ್ನು ಊರುಗೋಲಿನ ಹಾಗೆ ಬಳಸಿ ಇಳಿಜಾರು ಇಳಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಲಾಕ್ ಜಾರಿದ ಕ್ಷಣ ನೀವೂ ಅದರ ಜೊತೆಗೇ ಹೋಗುತ್ತೀರಿ.

ನಡೆಯುವಾಗ ಕ್ಯಾಮೆರಾ ಒಳಗಿನಿಂದ ಟಕ್ ಟಕ್ ಸದ್ದು

ಹೆದರುವ ಮುಂಚೆ ಕ್ಯಾಮೆರಾ ಆನ್ ಮಾಡಿ ಮೆಲ್ಲಗೆ ಅಲುಗಿಸಿ. ಸದ್ದು ನಿಂತರೆ ಸಾಮಾನ್ಯವಾಗಿ ದೋಷವೇ ಇಲ್ಲ. ನಡುಕ ತಡೆಯುವ ವ್ಯವಸ್ಥೆ ಕ್ಯಾಮೆರಾದೊಳಗೇ ಇರುವ ಈಗಿನ ಬಹಳಷ್ಟು ಮಾದರಿಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ತೇಲುವ ಚೌಕಟ್ಟಿನ ಮೇಲೆ ಕೂತಿರುತ್ತದೆ. ವಿದ್ಯುತ್ ಇಲ್ಲದಾಗ ಅದನ್ನು ಹಿಡಿದಿಡುವವರು ಯಾರೂ ಇಲ್ಲ, ಅತ್ತಿತ್ತ ತಾಗಿ ಸದ್ದು ಮಾಡುತ್ತದೆ. ನಡುಕ ತಡೆಯುವ ಲೆನ್ಸುಗಳಲ್ಲೂ ಹೀಗೇ.

ಆನ್ ಮಾಡಿದರೂ ಸದ್ದು ಬಂದರೆ ಅದು ಹೊರಗಿನದಾಗಿರಬಹುದು: ಸ್ಟ್ರಾಪಿನ ತ್ರಿಕೋನ ಉಂಗುರ, ಹುಡ್, ಫಿಲ್ಟರ್, ಮೆಮೊರಿ ಕಾರ್ಡಿನ ಬಾಗಿಲು. ಒಂದೊಂದನ್ನೇ ತೆಗೆದು ಅಲುಗಿಸಿ ನೋಡಿ. ಸ್ಟ್ರಾಪ್ ಉಂಗುರ ನೋಡುವಾಗಲೇ ಪಟ್ಟಿ ಬಕಲ್ ದಾಟಿ ಎಷ್ಟು ಉದ್ದ ಉಳಿದಿದೆ ಅಂತಲೂ ನೋಡಿ. ಎರಡು ಬೆರಳಿಗಿಂತ ಕಡಿಮೆ ಇದ್ದರೆ ಅದು ಜಾರುತ್ತ ಬಂದಿದೆ, ಇನ್ನೊಂದು ದಿನ ಕಳಚುತ್ತದೆ. ಲೆನ್ಸ್ ತೆಗೆದರೂ ನಿಲ್ಲದ, ಬಿದ್ದ ಮೇಲೆ ಹೊಸದಾಗಿ ಶುರುವಾದ ಗಲಗಲ ಸದ್ದು ಮಾತ್ರ ಒಳಗೆ ಏನೋ ಬಿಟ್ಟುಕೊಂಡ ಗುರುತು. ಬ್ಯಾಟರಿ ತೆಗೆದು, ಮತ್ತೆ ಆನ್ ಮಾಡದೆ ರಿಪೇರಿಗೆ ಕೊಡಿ.

ಬೈಕಲ್ಲಿ, ಜೀಪಲ್ಲಿ ಹೋಗಿ ಬಂದ ಮೇಲೆ ಫೋಟೋದ ಒಂದು ಬದಿ ಮಸುಕು

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆಗೆ ಜೀಪಿನಲ್ಲಿ ಹೋದವರಿಗೆ ಆ ಕುಲುಕಾಟ ಎಂಥದ್ದು ಅಂತ ಗೊತ್ತು. ಅಂಥ ಹಾದಿಯಲ್ಲಿ ಬ್ಯಾಗನ್ನು ಜೀಪಿನ ತಗಡಿನ ಮೇಲೆ ಇಡಬೇಡಿ, ತೊಡೆಯ ಮೇಲಿರಲಿ. ಬೈಕಿನಲ್ಲಾದರೆ ಟ್ಯಾಂಕಿನ ಮೇಲೆ ಬೇಡ, ಬೆನ್ನ ಮೇಲೆ. ನಮ್ಮ ಮೈ ನಡುಕವನ್ನು ನುಂಗಿಕೊಳ್ಳುತ್ತದೆ, ಲೋಹ ಅದನ್ನು ನೇರ ದಾಟಿಸುತ್ತದೆ. ಫೋನ್ ಕ್ಯಾಮೆರಾಕ್ಕೂ ಈ ಮಾತು ಸಲ್ಲುತ್ತದೆ. ಬೈಕಿನ ಹ್ಯಾಂಡಲ್ ಮೇಲಿನ ನಡುಕ ಐಫೋನ್ ಕ್ಯಾಮೆರಾದ ಗುಣಮಟ್ಟವನ್ನು ತಗ್ಗಿಸಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿತ್ತು. ಟ್ರೈಪಾಡನ್ನು ಬೈಕಿನ ಮೇಲೆ ಅಡ್ಡಡ್ಡ ಕಟ್ಟುವುದಂತೂ ಚಾರ್ಮಾಡಿಯಂಥ ಘಾಟಿಯಲ್ಲಿ ಎದುರಿನ ಬಸ್ಸಿಗೆ ಕೊಕ್ಕೆ ಚಾಚಿದ ಹಾಗೆ. ಬೆನ್ನಿಗೆ ಸಮವಾಗಿ, ಉದ್ದಕ್ಕೇ ಇರಬೇಕು.

ಮಸುಕು ಬಂದರೆ ಮೊದಲು ಮುಂದಿನ, ಹಿಂದಿನ ಗಾಜು ಒರೆಸಿ. ಬೆರಳಚ್ಚು, ತುಂತುರು ಎಷ್ಟೋ ಸಲ ಮೋಸ ಮಾಡುತ್ತವೆ. ಆಮೇಲೆ ಲೆನ್ಸ್ ಬಿಚ್ಚಿ ಮತ್ತೆ ಕ್ಲಿಕ್ ಅನ್ನುವವರೆಗೆ ಕೂರಿಸಿ. ಕೂತ ಲೆನ್ಸನ್ನು ತಿರುಗಿಸಿದರೆ ಚೂರು ಆಡುವುದು ಸಹಜ. ಮೇಲೆ ಕೆಳಗೆ ಅಲುಗಿ ಉಂಗುರದ ನಡುವೆ ಸಂದು ಕಂಡರೆ ಅದು ಸಹಜವಲ್ಲ.

ಇನ್ನೂ ಸಂಶಯ ಇದ್ದರೆ ದೂರದ ಗುಡ್ಡದ ಸಾಲನ್ನೋ ಚಪ್ಪಟೆ ಗೋಡೆಯನ್ನೋ ಲೆನ್ಸಿನ ಬಾಯಿ (ಅಪರ್ಚರ್) ಪೂರ್ತಿ ತೆರೆದು ತೆಗೆಯಿರಿ. ಅದೇ ದೃಶ್ಯವನ್ನು ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಎರಡೂ ಫೈಲುಗಳನ್ನು ತಿರುಗಿಸದೆ ನೋಡಿದಾಗ ಚೌಕಟ್ಟಿನ ಅದೇ ಬದಿ ಮಸುಕಾಗಿದ್ದರೆ ದೋಷ ನಿಮ್ಮ ಸಾಮಾನಿನದು. ಬದಿ ಬದಲಾದರೆ ನೀವು ಗೋಡೆಗೆ ಓರೆಯಾಗಿ ನಿಂತಿದ್ದಿರಿ ಅಷ್ಟೆ. ಬೇರೆ ಲೆನ್ಸ್ ಹಾಕಿ ನೋಡಿ. ಆಗಲೂ ಅದೇ ಬದಿ ಮಸುಕಾದರೆ ಕ್ಯಾಮೆರಾದ ಉಂಗುರವೋ ಸೆನ್ಸರೋ ಓರೆಯಾಗಿದೆ, ಚೊಕ್ಕವಾಗಿ ಬಂದರೆ ಮೊದಲ ಲೆನ್ಸಿನ ಒಳಗಾಜು ಸರಿದಿದೆ. ಎರಡೂ ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಉಂಗುರದ ಸ್ಕ್ರೂಗಳನ್ನು ಮನೆಯ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಲು ಹೋದರೆ ತಲೆ ಸವೆದು ಬಿಚ್ಚಲೂ ಬಾರದಂತಾಗುತ್ತದೆ. ನನ್ನ ಬಾಗಿದ ಉಂಗುರವನ್ನು ಈ ಪರೀಕ್ಷೆಯಿಂದಲೇ ಖಚಿತ ಮಾಡಿಕೊಂಡು, ಎರಡೂ ಫೋಟೋಗಳ ಪ್ರತಿಯನ್ನು ರಿಪೇರಿಯವರಿಗೆ ಕೊಟ್ಟೆ. ಅವರು ಕೇಳಿದ ಮೊದಲ ಪ್ರಶ್ನೆಗೆ ಅದರಲ್ಲೇ ಉತ್ತರ ಇತ್ತು.

ಬ್ಯಾಗಿನಿಂದ ತೆಗೆದ ಕೂಡಲೇ ಲೆನ್ಸ್ ಮೇಲೆ ಮಬ್ಬು

ಏಸಿ ಹಾಕಿದ ಕಾರಿನಲ್ಲಿ ಬಾಬಾಬುಡನ್‌ಗಿರಿಯವರೆಗೆ ಬಂದು ಬಾಗಿಲು ತೆರೆದರೆ ತಣ್ಣಗಿರುವ ಗಾಜಿನ ಮೇಲೆ ಹೊರಗಿನ ಹಸಿಗಾಳಿ ನೀರಾಗುತ್ತದೆ. ಮುಂಜಾವದ ಚಳಿಯಲ್ಲಿ ಗಿರಿ ಸುತ್ತಿ ಬಂದು ಬೆಚ್ಚಗಿನ ಅಡುಗೆಮನೆಯಲ್ಲಿ ಕ್ಯಾಮೆರಾ ತೆಗೆದರೂ ಅಷ್ಟೇ. ಒರೆಸುವ ಅಗತ್ಯ ಇಲ್ಲ. ಬ್ಯಾಗಿನ ಜಿಪ್ ಮುಚ್ಚಿಯೇ ಅರ್ಧ ಗಂಟೆ ಬಿಡಿ, ಗಾಜು ಹೊರಗಿನ ಉಷ್ಣಾಂಶಕ್ಕೆ ಬಂದರೆ ಸಾಕು. ಮುಂದಿನ ಸಲ ಕೊನೆಯ ಏಳೆಂಟು ಕಿಲೋಮೀಟರ್ ಏಸಿ ಆರಿಸಿ ಕಿಟಕಿ ಇಳಿಸಿ. ಮಬ್ಬು ಇರುವಾಗ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೂ ನೀರು ಕೂರುತ್ತದೆ.

ಮಬ್ಬು ಹೊರಗಾಜಿನಲ್ಲಿಲ್ಲದೆ ಒಳಗೆ ಕಂಡು ಒಂದು ದಿನವಾದರೂ ಹೋಗದಿದ್ದರೆ ನೀರು ಹೊಕ್ಕಿದೆ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಒದ್ದೆ ಬ್ಯಾಗಿನೊಳಗೆ ಕ್ಯಾಮೆರಾ ಬಿಟ್ಟು ಮಲಗಿದರೆ ಇದು ಬರುತ್ತದೆ. ಆ ಲೆನ್ಸನ್ನು ಉಳಿದವುಗಳಿಂದ ದೂರ ಇಟ್ಟು ಸ್ವಚ್ಛ ಮಾಡಿಸಿ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಹತ್ತಿರದಲ್ಲೊಂದು ತೇವಮಾಪಕ: ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಲಿ.

ಭುಜ ಹಿಡಿದುಕೊಳ್ಳುತ್ತದೆ, ಬೆರಳು ಜೋಮು ಹಿಡಿಯುತ್ತದೆ

ಇದೂ ದೋಷವೇ, ಹೊರುವ ರೀತಿಯ ದೋಷ. ಬ್ಯಾಗಿನ ಸೊಂಟದ ಪಟ್ಟಿಯನ್ನು ಮೊದಲು ಬಿಗಿ ಮಾಡಿ, ಆಮೇಲೆ ಭುಜದ ಪಟ್ಟಿ. ಭಾರ ಸೊಂಟದ ಮೂಳೆಯ ಮೇಲೆ ಕೂರಬೇಕು. ಟ್ರೈಪಾಡನ್ನು ಒಂದು ಪಕ್ಕಕ್ಕೆ ಕಟ್ಟಿದ್ದರೆ ಮೈ ಆ ಕಡೆಗೆ ವಾಲುತ್ತದೆ. ಬ್ಯಾಗಿನ ನಡುಬೆನ್ನಿಗೆ, ಎರಡು ಪಟ್ಟಿಯಲ್ಲಿ ಕಟ್ಟಿ. ನಿಮ್ಮ ತಲೆಗಿಂತ ಮೇಲೆ ಚಾಚಿದರೆ ಕಾಫಿ ಗಿಡದ, ಸಿಲ್ವರ್ ಓಕಿನ ಕೊಂಬೆಗೆ ಸಿಕ್ಕಿ ಹಿಂದಕ್ಕೆ ಎಳೆಯುತ್ತದೆ. ಬ್ಯಾಗಿನ ಕೆಳಗೆ ಜೋತರೆ ಇಳಿಯುವಾಗ ಹಿಂದಿನ ಮೆಟ್ಟಿಲಿಗೆ ತಾಗಿ ಮುಂದಕ್ಕೆ ನೂಕುತ್ತದೆ. ಶ್ರವಣಬೆಳಗೊಳದಲ್ಲಿ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ ಇಳಿಯುವಾಗ ಇವೆರಡೂ ಚೆನ್ನಾಗಿ ಅರ್ಥವಾಗುತ್ತವೆ. ಅಲ್ಲಿ ಎರಡೂ ಕೈ ಖಾಲಿ ಇರಬೇಕು, ಒಂದು ಕಂಬಿಗೆ, ಇನ್ನೊಂದು ಸಮತೋಲಕ್ಕೆ.

ಭಾರ ಇಳಿಸಿ ಹತ್ತು ಹದಿನೈದು ನಿಮಿಷದಲ್ಲಿ ಜೋಮು ಹೋದರೆ ಪಟ್ಟಿ ಒತ್ತಿತ್ತು ಅಷ್ಟೇ. ಮರುದಿನವೂ ಉಳಿದರೆ, ಹಿಡಿತ ಸೋತರೆ ವೈದ್ಯರನ್ನು ಕಾಣಿ. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟಕ್ಕೆ ಕಷ್ಟ ಬಂದರೆ ಬ್ಯಾಗಿನ ಮೇಲೆ ಅನುಮಾನ ಪಡುತ್ತ ಕೂರಬೇಡಿ, ಒಂದೆಡೆ ಕುಳಿತು 108ಕ್ಕೆ ಕರೆ ಮಾಡಿಸಿ.

ಬಿದ್ದೇ ಬಿಟ್ಟಿತು

ಮೊದಲು ನೀವು. ಉರುಳಿದ ಕ್ಯಾಮೆರಾ ಹಿಡಿಯಲು ಹಾರಿ ಕಾಲು ಮುರಿದುಕೊಳ್ಳಬೇಡಿ. ಇಳಿಜಾರಿನ ಅಂಚಿನಾಚೆ ಹೋಗಿದ್ದರೆ ಹೋಗಲಿ. ಸಿಕ್ಕಿದರೆ ಆನ್ ಮಾಡುವ ಮುಂಚೆ ಬ್ಯಾಟರಿ ತೆಗೆಯಿರಿ. ಬ್ಯಾಟರಿ ಉಬ್ಬಿದೆಯೇ, ಬಿಸಿಯಾಗಿದೆಯೇ ನೋಡಿ, ಆಗಿದ್ದರೆ ಬ್ಯಾಗಿಗೆ ಹಾಕಬೇಡಿ, ಬಯಲು ಜಾಗದಲ್ಲಿ ಕಲ್ಲಿನ ಮೇಲೆ ದೂರ ಇಡಿ. ಕಾರ್ಡ್ ತೆಗೆದು ಜೇಬಿಗೆ ಹಾಕಿ. ಫಿಲ್ಟರ್ ಒಡೆದಿದ್ದರೆ ಲೆನ್ಸನ್ನು ಕೆಳಮುಖ ಹಿಡಿದು ಚೂರು ಉದುರಿಸಿ, ಒರೆಸಬೇಡಿ, ಒರೆಸಿದರೆ ಆ ಚೂರೇ ಗಾಜನ್ನು ಗೀರುತ್ತದೆ. ಬಗ್ಗಿದ ಫಿಲ್ಟರನ್ನು ಬಲವಂತವಾಗಿ ತಿರುಗಿಸುವುದೂ ಬೇಡ. ಲೆನ್ಸ್ ದೋಷ ಅಂತ ಪರದೆಯಲ್ಲಿ ಬಂದರೆ ಲೆನ್ಸಿನ ಹಿಂದಿನ ಬಂಗಾರ ಬಣ್ಣದ ಸಂಪರ್ಕ ಚುಕ್ಕೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಒಂದೇ ಸಲ ಮತ್ತೆ ಪ್ರಯತ್ನಿಸಿ. ಮೋಟಾರ್ ಕೊರಕೊರ ಅಂದರೆ ಅಲ್ಲಿಗೆ ಬಿಡಿ.

ರಿಪೇರಿಗೆ ಮೀರಿದ, ಅಲ್ಲಿಗೇ ನಿಲ್ಲಿಸಬೇಕಾದ ಸಂದರ್ಭಗಳು

ಏಪ್ರಿಲ್, ಮೇ ಸಂಜೆಗಳಲ್ಲಿ ಗಿರಿಯ ಮೇಲೆ ಗುಡುಗು ಕೇಳಿದರೆ ಟ್ರೈಪಾಡ್ ಮಡಚಿ. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ಬೋಳು ನೆತ್ತಿಯ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ಬೆನ್ನಿಗೆ ಕಟ್ಟಿಕೊಂಡು ನಿಲ್ಲುವುದು ಜೀವಕ್ಕೆ ಅಪಾಯ. ಅಲ್ಯೂಮಿನಿಯಂ ಅಷ್ಟೇ ಅಲ್ಲ, ಕಾರ್ಬನ್ ಫೈಬರೂ ವಿದ್ಯುತ್ ಹರಿಸುತ್ತದೆ. ಟ್ರೈಪಾಡನ್ನು ಅಲ್ಲೇ ಮಲಗಿಸಿ ಕೆಳಗಿಳಿಯಿರಿ, ಗಾಡಿಯೊಳಗೆ ಕೂರಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ.

ತೋಟದೊಳಗೆ ಬಿಡಿಸಿದ ಟ್ರೈಪಾಡ್ ಎತ್ತಿ ನಡೆಯುವಾಗ ತಲೆಯ ಮೇಲೆ ನೋಡಿ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆಗೆ ಹೊಸದಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಓಡಾಡುತ್ತಿದೆಯೇ ಅಂತ ಊರಿನವರನ್ನು ಕೇಳದೆ ನಸುಕಿನಲ್ಲಿ ತೋಟದ ದಾರಿ ಹಿಡಿಯಬೇಡಿ. ಆನೆ ಕಂಡರೆ ಸಾಮಾನು ಬಿಟ್ಟು ಸರಿಯಿರಿ.

ಹಳೇಬೀಡಿನಂಥ ರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಬಿಡಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅನುಮತಿ ಇದ್ದರೂ ಕಾಲಿನ ಮೊಳೆಗಳನ್ನು ಒಳಗೆ ತಿರುಗಿಸಿ ರಬ್ಬರ್ ಪಾದ ಹಾಕಿಕೊಳ್ಳಿ, ಟ್ರೈಪಾಡನ್ನು ಅಡ್ಡ ಹಿಡಿದು ತಿರುಗಬೇಡಿ. ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಉಗುರಿಗೂ ಮಣಿಯುವಷ್ಟು ಮೆದುವಾಗಿದ್ದ ಆ ಕಲ್ಲಿನಲ್ಲಿ ಬಳೆಯ ಎಳೆ, ಮುತ್ತಿನ ಸರದ ಒಂದೊಂದು ಮಣಿಯನ್ನೂ ಬಿಡಿಸಿದ್ದಾರೆ. ಹೆಗಲ ಮೇಲೆ ಟ್ರೈಪಾಡ್ ಹೊತ್ತವರು ಪಕ್ಕಕ್ಕೆ ತಿರುಗಿದರೆ ಅದರ ತುದಿ ಹಿಂದೆ ಒಂದು ಮೀಟರ್ ದೂರದಲ್ಲಿ, ಕಣ್ಣಿಗೆ ಕಾಣದ ಕಡೆ, ಗೋಡೆಯ ಆನೆಸಾಲಿನ ಎತ್ತರದಲ್ಲೋ ಯಾರದೋ ಮಗುವಿನ ಮುಖದ ಎತ್ತರದಲ್ಲೋ ಬೀಸುತ್ತದೆ. ಅಲ್ಲಿ ಅದನ್ನು ಮಡಚಿ, ನೆಟ್ಟಗೆ, ಎದೆಗೆ ಅವಚಿಕೊಂಡು ನಡೆಯಿರಿ.